ಸ್ಪಷ್ಟನೆ: ‘ಜಾಂಬಿ ಜಿಂಕೆ’ ರೋಗ ಮನುಷ್ಯರಿಗೆ ತಗುಲಿದ್ದು ದೃಢಪಟ್ಟಿಲ್ಲ

ಎಲುಬು ಕಾಣುವಷ್ಟು ಬಡಕಲಾಗಿ, ಜೊಲ್ಲು ಸುರಿಸುತ್ತ, ಕಿವಿ ಇಳಿಬಿಟ್ಟು ನಿಂತ ಬಿಳಿಬಾಲದ ಜಿಂಕೆಯ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಜೊತೆಗೊಂದು ಒಕ್ಕಣೆ: ‘ಅಮೆರಿಕದಲ್ಲಿ ಜಾಂಬಿ ವೈರಸ್, ಜಿಂಕೆ ಮಾಂಸ ತಿಂದ ಇಬ್ಬರು ಬೇಟೆಗಾರರ ಸಾವು’.

ಮೊದಲಿಗೆ, ಇದು ವೈರಸ್ಸೇ ಅಲ್ಲ. ತಪ್ಪಾಗಿ ಮಡಚಿಕೊಂಡ ಪ್ರಿಯಾನ್ ಎಂಬ ಪ್ರೋಟೀನು ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ ಕಾಯಿಲೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಜಿಂಕೆಗಳಲ್ಲಿ ಮೊದಲು ಕಂಡಿತು. ಇದರ ನಿಜ ಹೆಸರು ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’; ‘ಜಾಂಬಿ’ ಎಂಬುದು ಮಾಧ್ಯಮಗಳು ಅಂಟಿಸಿದ ಹೆಸರು. ಈ ಜಿಂಕೆ ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ, ಸೊರಗಿ ಸಾಯುತ್ತದೆ.

ಬೇಟೆಗಾರರ ಕಥೆಯ ಮೂಲ 2024ರ ಒಂದು ಪುಟ್ಟ ವೈದ್ಯಕೀಯ ವರದಿ. ರೋಗವಿದ್ದ ಪ್ರದೇಶದ ಜಿಂಕೆ ಮಾಂಸ ತಿಂದಿದ್ದ ಇಬ್ಬರು ಸ್ನೇಹಿತರು ಮನುಷ್ಯರಲ್ಲಿ ಪ್ರಿಯಾನ್‌ನಿಂದಲೇ ಬರುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಎಂಬ ಮಿದುಳಿನ ಕಾಯಿಲೆಯಿಂದ ತೀರಿಕೊಂಡಿದ್ದು ನಿಜ. ಆದರೆ ಆ ಕಾಯಿಲೆ ಜಿಂಕೆಯನ್ನೇ ಕಾಣದವರಿಗೂ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುತ್ತದೆ. ಮಾಂಸವೇ ಕಾರಣವೆಂದು ಸಾಬೀತಾಗಿಲ್ಲ ಎಂದು ವರದಿ ಬರೆದ ವೈದ್ಯರೇ ಹೇಳಿದ್ದರು. ಫಾರ್ವರ್ಡ್ ಮಾಡಿದವರು ಆ ಸಾಲನ್ನು ಮಾತ್ರ ಬಿಟ್ಟರು!

ಹಾಗೆಂದು ‘ಚೆನ್ನಾಗಿ ಬೇಯಿಸಿದರೆ ಸಾಕು’ ಎಂಬ ಪ್ರತಿಸಂದೇಶವೂ ತಪ್ಪು. ಅಡುಗೆಯ ಬಿಸಿಗೆ ಪ್ರಿಯಾನ್ ಜಗ್ಗುವುದಿಲ್ಲ. ಮಣ್ಣಿನಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಸೋಂಕಿತ ಜಿಂಕೆ ಒಂದೆರಡು ವರ್ಷ ಗಟ್ಟಿಮುಟ್ಟಾಗಿಯೇ ಕಾಣಬಹುದು. ಅದಕ್ಕೇ ಅಲ್ಲಿನ ಬೇಟೆಗಾರರು ಜಿಂಕೆಯ ತಲೆಯನ್ನು ತಪಾಸಣೆಗೆ ಒಪ್ಪಿಸುತ್ತಾರೆ. ಗಂಟಲ ಹಿಂದಿನ ದುಗ್ಧರಸ ಗ್ರಂಥಿಯಲ್ಲಿ ಪ್ರಿಯಾನ್ ಸಿಕ್ಕರೆ ಆ ಮಾಂಸ ತಿನ್ನಬಾರದೆಂಬುದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಸಲಹೆ.

ಬಂಡೀಪುರದ ಚುಕ್ಕೆ ಜಿಂಕೆಯ ಚಿತ್ರ ಹಾಕಿ ಹಂಚುತ್ತಿರುವವರಿಗೆ: ಅದು ಬೇರೆಯೇ ಪ್ರಭೇದ.