ಪರ-ವಿರೋಧ: ವಾಸ್ಕೋ ಡ ಗಾಮನ ಯಾನವನ್ನು ‘ಜಲಮಾರ್ಗದ ಶೋಧ’ ಎನ್ನಬಹುದೇ?

ಪರ

ವಾಸ್ಕೋ ಡ ಗಾಮ 1498ರಲ್ಲಿ ಭಾರತಕ್ಕೆ ಜಲಮಾರ್ಗ ಕಂಡುಹಿಡಿದನೆಂದು ನಾವೆಲ್ಲ ಶಾಲೆಯಲ್ಲಿ ಓದಿದ ವಾಕ್ಯವನ್ನು ಇಂದು ಹಲವರು ಸುಳ್ಳೆಂದು ತಳ್ಳಿಹಾಕುತ್ತಾರೆ. ತಳ್ಳುವ ಮುನ್ನ ಆ ಯಾನದ ಮೊದಲರ್ಧವನ್ನು ನೋಡಬೇಕು. 1497ರ ಜುಲೈ 8ರಂದು ಲಿಸ್ಬನ್‌ನಿಂದ ನಾಲ್ಕು ಹಡಗುಗಳಲ್ಲಿ ಹೊರಟ ಸುಮಾರು 170 ಜನ, ಕೇಪ್ ವರ್ಡ್ ದ್ವೀಪಗಳನ್ನು ಬಿಟ್ಟ ಮೇಲೆ ಆಫ್ರಿಕದ ದಡ ಹಿಡಿದು ಸಾಗಲಿಲ್ಲ. ಅಲ್ಲಿನ ಎದುರುಗಾಳಿಯನ್ನೂ ಸೆಳೆತವನ್ನೂ ತಪ್ಪಿಸಲು ಅವರು ಅಟ್ಲಾಂಟಿಕ್ ಸಾಗರದ ನಡುವಿಗೆ ಬಿಲ್ಲಿನಂತೆ ಬಾಗಿ ಹೋಗಿ, ದಕ್ಷಿಣದಲ್ಲಿ ಬೀಸುವ ಪಡುವಣ ಗಾಳಿಯನ್ನು ಹಿಡಿದು ಪೂರ್ವಕ್ಕೆ ತಿರುಗಿದರು. ಆಗಸ್ಟ್ ಆರಂಭದಿಂದ ನವೆಂಬರ್ ಆರಂಭದವರೆಗೆ ಅವರ ಕಣ್ಣಿಗೆ ನೆಲ ಬೀಳಲಿಲ್ಲ. ಕೊಲಂಬಸ್ ಕೆನರಿ ದ್ವೀಪಗಳಿಂದ ಹೊರಟ ಐದು ವಾರಗಳಲ್ಲಿ ನೆಲ ಕಂಡಿದ್ದನೆಂಬುದನ್ನು ನೆನೆದರೆ ಈ ಮೂರು ತಿಂಗಳ ತೂಕ ತಿಳಿಯುತ್ತದೆ. 1488ರಲ್ಲಿ ಪೋರ್ಚುಗೀಸ್ ನಾವಿಕ ಬಾರ್ತೊಲೊಮೆಯು ಡಯಾಸ್ ಆಫ್ರಿಕದ ತುದಿಯನ್ನು ಸುತ್ತಿದ್ದನಾದರೂ ಅಲ್ಲಿಂದಲೇ ಹಿಂದಿರುಗಿದ್ದ.

ಅಲ್ಲಿಯವರೆಗೆ ಮಲಬಾರಿನ ಮೆಣಸು ಕೆಂಪು ಸಮುದ್ರದವರೆಗೆ ಹಡಗಿನಲ್ಲಿ, ಮುಂದೆ ಒಂಟೆಗಳ ಮೇಲೆ ಕೈರೊ ಕಡೆಗೆ, ಅಲೆಕ್ಸಾಂಡ್ರಿಯದಿಂದ ಮತ್ತೆ ವೆನಿಸ್‌ನವರ ಹಡಗಿನಲ್ಲಿ, ಹೀಗೆ ಕೈಯಿಂದ ಕೈಗೆ ಸುಂಕ ತೆರುತ್ತ ಯುರೋಪನ್ನು ಮುಟ್ಟುತ್ತಿತ್ತು. ಬೇರೆ ಬೇರೆ ನಾವಿಕರು ಬಲ್ಲ ಎರಡು ಸಾಗರಗಳನ್ನು ಒಂದೇ ಹಡಗು ಹಾಯುವ ದಾರಿಯಾಗಿ ಮಾಡಿದ್ದನ್ನು ಶೋಧವೆನ್ನದೆ ಇನ್ನೇನೆನ್ನಬೇಕು?

ಅದರ ಗುರುತು ನಮ್ಮ ಅಡುಗೆಮನೆಯಲ್ಲೇ ಇದೆ. ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದ ಮೇಲೆ ಕರಾವಳಿಯ ಮನೆಗಳಲ್ಲಿ ‘ಮೆಣಸು’ ಎಂದರೆ ಆ ಕೆಂಪು ಕಾಯಿಯೇ ಆಯಿತು. ನಮ್ಮದೇ ಹಳೆಯ ಮೆಣಸನ್ನು ಈಗ ‘ಒಳ್ಳೆಮೆಣಸು’, ‘ಕಾಳುಮೆಣಸು’ ಎಂದು ಬಿಡಿಸಿ ಹೇಳಬೇಕು. ಪರಂಗಿ ಹಣ್ಣಂತೂ ತಂದವರ ಹೆಸರನ್ನೇ ಹೊತ್ತಿದೆ.

ವಿರೋಧ

ಅಟ್ಲಾಂಟಿಕ್‌ನಲ್ಲಿ ಗಾಮನ ಜನ ತೋರಿದ ನೌಕಾಕೌಶಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲೆಯ ಆ ವಾಕ್ಯ ಹೇಳುವುದು ‘ಭಾರತಕ್ಕೆ’ ಜಲಮಾರ್ಗದ ಮಾತನ್ನು; ಭಾರತವನ್ನು ಮುಟ್ಟಿಸಿದ ಕೊನೆಯ ಹಾದಿಯನ್ನು ಅವರು ಕಂಡುಹಿಡಿಯಲಿಲ್ಲ, ಕೇಳಿ ಪಡೆದರು. ಪೂರ್ವ ಆಫ್ರಿಕದ ಮಾಲಿಂದಿಯ ಅರಸ ದಾರಿ ಬಲ್ಲ ಒಬ್ಬ ನಾವಿಕನನ್ನು ಕೊಟ್ಟ. 1498ರ ಏಪ್ರಿಲ್ 24ರಂದು ಅಲ್ಲಿಂದ ಹೊರಟವರಿಗೆ 23 ದಿನಗಳ ಓಟದ ನಂತರ ಮಲಬಾರಿನ ಬೆಟ್ಟಗಳು ಕಂಡವು.

ಈ 23 ದಿನಗಳ ಪಕ್ಕದಲ್ಲಿ ಮರುಪಯಣವನ್ನು ಇಟ್ಟು ನೋಡಬೇಕು. ಕಾರವಾರದ ಸಮೀಪದ ಅಂಜದೀವ್ ದ್ವೀಪದಿಂದ ಗಾಮ ಅಕ್ಟೋಬರ್ 5ರಂದು ಹಾಯಿ ಬಿಚ್ಚಿದ. ಮುಂಗಾರು ಸರಿದು ಹಿಂಗಾರಿನ ಗಾಳಿ ಇನ್ನೂ ನೆಲೆಗೊಳ್ಳದ ಹೊತ್ತು ಅದು. ಆ ಗಾಳಿ ಕುದುರುವವರೆಗೆ ಕಾಯುವುದು ಈ ಕಡಲಿನವರಿಗೆ ತಲೆಮಾರುಗಳಿಂದ ಬಂದ ಅರಿವು. ಕಾಯದೆ ಹೊರಟವರು ಗಾಳಿಯಿಲ್ಲದೆ ನಿಂತು, ಎದುರುಗಾಳಿಗೆ ಸಿಕ್ಕಿ, ಆಫ್ರಿಕದ ದಡ ಕಾಣುವ ಹೊತ್ತಿಗೆ 1499ರ ಜನವರಿ ಬಂದಿತ್ತು. ವಸಡು ಊದಿ ಹಲ್ಲನ್ನೇ ಮುಚ್ಚಿ ಅನ್ನ ತಿನ್ನಲಾಗದಂತೆ ಮಾಡುವ ಸ್ಕರ್ವಿ ರೋಗಕ್ಕೆ ಆ ದಾಟಿನಲ್ಲೇ 30 ಜನ ಸತ್ತರು. ಹಡಗೊಂದಕ್ಕೆ ಕೆಲಸಕ್ಕೊದಗುವವರು ಏಳೆಂಟು ಮಂದಿ ಉಳಿದರು. ನಡೆಸಲು ಆಳಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಕಂಡುಹಿಡಿದವರಿಗೆ ತಾವು ಕಂಡುಹಿಡಿದ ದಾರಿಯ ಗಾಳಿಯೇ ಗೊತ್ತಿರಲಿಲ್ಲವೆಂದರೆ ಆ ಮಾತಿಗೆ ಅರ್ಥವೇನು?

ಕಲ್ಲಿಕೋಟೆಯಲ್ಲಿ ಗಾಮ ಇಳಿಸಿದ ಮೊದಲ ಆಳಿಗೆ ಎದುರಾದವರು ಅವನ ಭಾಷೆ ಅರಿಯಬಲ್ಲ ಇಬ್ಬರು ಉತ್ತರ ಆಫ್ರಿಕದ ಟ್ಯುನಿಸ್‌ನವರು. ಅಲ್ಲಿನ ಅರಸ ಸಾಮೂದಿರಿಗೆಂದು ತಂದ ಬಟ್ಟೆ, ಟೊಪ್ಪಿಗೆ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನನ್ನು ನೋಡಿ ಅರಸನ ಅಧಿಕಾರಿ ನಕ್ಕು, ಮೆಕ್ಕಾದಿಂದ ಬರುವ ಕಡುಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆಂದನು. ಜಗತ್ತಿನ ವರ್ತಕರು ಅಷ್ಟು ಕಾಲದಿಂದ ಬಂದುಹೋಗುತ್ತಿದ್ದ ಬಂದರು ಅದು.

ಗಾಮ 1502ರಲ್ಲಿ ಮರಳಿ ಬಂದಾಗ ಮೆಕ್ಕಾ ಯಾತ್ರಿಕರಿದ್ದ ಹಡಗೊಂದನ್ನು ಜನರ ಸಮೇತ ಸುಟ್ಟ. ಮುಂದೆ ಪೋರ್ಚುಗೀಸರು ‘ಕರ್ತಾಜ್’ ಎಂಬ ರಹದಾರಿಯನ್ನು ಹೇರಿ, ಅದಿಲ್ಲದ ಹಡಗನ್ನು ಹಿಡಿದು ಸರಕನ್ನು ದೋಚುವುದನ್ನೇ ಕಾನೂನಾಗಿ ಮಾಡಿದರು. ಶತಮಾನಗಳಿಂದ ಸುಂಕದ ಹೊರತು ಯಾರ ಅಪ್ಪಣೆಯನ್ನೂ ಬೇಡದೆ ಓಡಾಡಿದ ವರ್ತಕರು ತಮ್ಮ ಕಡಲಲ್ಲೇ ಕಾಗದ ತೋರಿಸಬೇಕಾಯಿತು. ‘ಶೋಧ’ ಎಂಬ ಪದ ಮಕ್ಕಳ ಕಣ್ಣಿನಿಂದ ಇದನ್ನೆಲ್ಲ ಮರೆಮಾಡುತ್ತದೆ ಎಂಬುದೇ ನನ್ನ ದೂರು. ಪಠ್ಯದಲ್ಲಿ ಆ ಮಾಲಿಂದಿಯ ನಾವಿಕನಿಗೆ ಒಂದು ಸಾಲಾದರೂ ಇರಲಿ; ಗಾಮನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಅವನ ಹೆಸರು ಕೂಡ ಇಲ್ಲ.