ಆಳುಗಳು ಸುಖವಾಗಿದ್ದರಂತೆ

ನಿನ್ನೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಮದುವೆ ಊಟಕ್ಕೆ ಹೋಗಿದ್ದೆ. ಅಲ್ಲಿ ತಿಂದ ಹೋಳಿಗೆ ಕರಗಿತು. ಕೇಳಿದ ಮಾತು ಇನ್ನೂ ಕರಗಿಲ್ಲ.

ಎದುರು ಸಾಲಿನಲ್ಲಿ ಹಳೆಯ ವಾಡೆ (ಧಣಿಗಳ ದೊಡ್ಡ ಮನೆ) ಮನೆತನದ ಹಿರಿಯರೊಬ್ಬರು ಕೂತಿದ್ದರು. ಒಳ್ಳೆ ಮಾತುಗಾರರು. ತೊಗರಿ ಕೊಯ್ಯಲು ಆಳು ಸಿಗುವುದಿಲ್ಲ ಅಂತ ಶುರುವಾದ ಮಾತು ಎಲ್ಲೆಲ್ಲೋ ಸುತ್ತಿ ಇಲ್ಲಿಗೆ ಬಂತು. "ನಮ್ಮ ಅಪ್ಪಾರ ಕಾಲದಾಗ ಮನಿ ತುಂಬ ಆಳು ಇದ್ರು ನೋಡ್ರಿ. ಒಬ್ಬಾಂವನ್ನೂ ಒಂದಿನ ಉಪವಾಸ ಕೆಡವಿಲ್ಲ. ಮನಿ ಮಕ್ಕಳಂಗ ಇದ್ರು. ಎಷ್ಟು ಸುಖವಾಗಿದ್ರು ಅಂತೀರಿ! ಈಗ ಸ್ವಾತಂತ್ರ್ಯ ಅಂತ ಹೋಗಿ ಪುಣೆದಾಗ ಪುಟ್‌ಪಾತ್ ಮ್ಯಾಲ ಮಲಗ್ಯಾರ."

ಸಾಲಿಗೆ ಸಾಲೇ ತಲೆ ಆಡಿಸಿತು. ಅನ್ನ ಬಡಿಸುವ ಹುಡುಗ ಬಂದ. ಮಾತು ಅಲ್ಲಿಗೇ ನಿಂತಿತು.

ಮದುವೆ ಮನೆಯಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಇದು ನನ್ನ ಫೇಸ್‌ಬುಕ್ ಗೋಡೆ, ಇಲ್ಲಿ ಸುಮ್ಮನಿರುವ ದರ್ದು ನನಗಿಲ್ಲ. ನಾನು ಸಾಲಕ್ಕಾಗಿ ವಾಡೆಯೊಂದರಲ್ಲಿ ಜೀತ ದುಡಿದವನ ಮಗ. ಹಾಗಾಗಿ ನೇರವಾಗಿ ಕೇಳುತ್ತೇನೆ. ಆಳುಗಳು ಸುಖವಾಗಿದ್ದರು ಅಂತ ಇವರಿಗೆ ಹೇಳಿದ್ದು ಯಾರು? ಆಳುಗಳೇ ಬಂದು ಹೇಳಿದರಾ? ಹೇಳಿದ್ದರೂ ಧಣಿಯ ಮುಂದೆ ಕೈಕಟ್ಟಿ ನಿಂತವನು ಬೇರೆ ಏನು ಹೇಳಿಯಾನು?

ಮನೆ ಮಕ್ಕಳಂತೆ ಅಂದರಲ್ಲ, ಅದನ್ನ ಸ್ವಲ್ಪ ನೋಡೋಣ. ನಮ್ಮಪ್ಪ ದುಡಿದ ವಾಡೆಯಲ್ಲಿ ಅವನಿಗೆ ಅಂತಲೇ ಒಂದು ಜರ್ಮನ್ (ಅಲ್ಯೂಮಿನಿಯಂ) ತಾಟು ಇತ್ತು. ಅಂಚು ನೆಗ್ಗಿದ ತಾಟು. ಅದರ ಜಾಗ ಅಡುಗೆ ಮನೆಯಲ್ಲಲ್ಲ, ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ. ಉಣ್ಣುವ ಹೊತ್ತಿಗೆ ತಾನೇ ತೆಗೆದು, ತೊಳೆದು, ಹಿತ್ತಲ ಬಾಗಿಲ ಹೊರಗೆ ಹಿಡಿದು ನಿಲ್ಲಬೇಕು. ರೊಟ್ಟಿ ಮೇಲಿನಿಂದ ಬೀಳುತ್ತಿತ್ತು. ಕೈಗೆ ಕೈ ತಾಕಬಾರದಲ್ಲ! ಉಂಡ ಮೇಲೆ ತೊಳೆದು ಮತ್ತೆ ಗೂಡಿಗೆ. ಯಾರ ಮನೆಯಲ್ಲಿ ಮಕ್ಕಳಿಗೆ ಹೀಗೆ ಉಣ್ಣಲು ಹಾಕುತ್ತಾರೆ? ಆ ಹಿರಿಯರು ತಮ್ಮ ಮಗನಿಗೆ ಹೀಗೆ ಒಂದೇ ಒಂದು ಸಲ ರೊಟ್ಟಿ ಒಗೆದಿದ್ದರೆ ಈಗಲೇ ಈ ಪೋಸ್ಟ್ ಅಳಿಸುತ್ತೇನೆ.

ಈ 'ಸುಖವಾಗಿದ್ದರು' ಅನ್ನುವ ಕತೆ ನಮ್ಮ ವಾಡೆಗಳಲ್ಲೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಹತ್ತಿ ಹೊಲಗಳ ಧಣಿಗಳೂ ಇದನ್ನೇ ಹೇಳುತ್ತಿದ್ದರು. ನಮ್ಮ ಕರಿಯರು ನಮ್ಮ ಹತ್ತಿರ ಸುಖವಾಗಿದ್ದಾರೆ, ಹಾಡುತ್ತಾರೆ, ಕುಣಿಯುತ್ತಾರೆ ಅಂತ. ಸರಿ, ಅಷ್ಟು ಸುಖವಾಗಿದ್ದವರು ಓಡಿ ಹೋಗುತ್ತಿದ್ದುದು ಯಾಕೆ? ಅದಕ್ಕೂ ಉತ್ತರ ರೆಡಿ ಇತ್ತು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ವೈದ್ಯ ಒಂದು ಹೊಸ ರೋಗವನ್ನೇ ಕಂಡುಹಿಡಿದ. ಹೆಸರು ಡ್ರಾಪೆಟೊಮೇನಿಯಾ. ಗುಲಾಮನಿಗೆ ಓಡಿ ಹೋಗಬೇಕು ಅನ್ನಿಸುವುದೇ ಒಂದು ತಲೆ ರೋಗವಂತೆ! ಬಾರದಂತೆ ತಡೆಯುವ ಮದ್ದು ಚಾಟಿ. ನಗಬೇಡಿ, ಆತ ಇದನ್ನು ವೈದ್ಯರ ಪತ್ರಿಕೆಯಲ್ಲೇ ಬರೆದಿದ್ದ.

ನಮ್ಮಪ್ಪನಿಗೂ ಆ ರೋಗ ಬಂದಿತ್ತು. ಒಂದು ಯುಗಾದಿಯ ಮರುದಿನ ಎತ್ತು ಮೇಯಿಸಲು ಹೋದವನು ಎತ್ತುಗಳನ್ನು ವಾಡೆಯ ದಾರಿಗೆ ಹಚ್ಚಿ, ತಾನು ಶಹಾಪುರ ಕಡೆಯ ನಮ್ಮೂರಿಂದ ಯಾದಗಿರಿ ಸ್ಟೇಷನ್‌ತನಕ ನಡೆದು ಹೋಗಿ ರೈಲು ಹತ್ತಿದ. ಟಿಕೆಟ್ ತೆಗೆದಿರಲಿಲ್ಲ. (ಮುಂದೆ ಅದೇ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ವಾಡಿ ಜಂಕ್ಷನ್‌ನಲ್ಲಿ ರಿಟೈರ್ ಆದ. ಆ ಟಿಕೆಟ್ ದುಡ್ಡು ತೀರಿದೆ ಅಂದುಕೊಳ್ಳಿ.)

ಎತ್ತುಗಳನ್ನ ಮಾತ್ರ ಮನೆ ದಾರಿಗೆ ಹಚ್ಚಿದ್ದ ನೋಡಿ. ಕಳ್ಳತನದ ಮಾತು ಬರಬಾರದು ಅಂತ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸ್ವಾತಂತ್ರ್ಯದ ಹಬ್ಬ ಎರಡು. ದೇಶಕ್ಕೆಲ್ಲ 1947ರ ಆಗಸ್ಟ್ 15. ನಿಜಾಮನ ಕೈಯಲ್ಲಿದ್ದ ನಮಗೆ 1948ರ ಸೆಪ್ಟೆಂಬರ್ 17. ಎರಡೂ ದಿನ ಬಾವುಟ, ಎರಡೂ ದಿನ ಭಾಷಣ, ಎರಡೂ ದಿನ ಮಕ್ಕಳಿಗೆ ಬಿಸಿಲಲ್ಲಿ ನಿಲ್ಲುವ ಶಿಕ್ಷೆ. ಅಪ್ಪ ಹುಟ್ಟಿದ್ದು ಇವೆರಡೂ ಬಂದು ಹೋದ ಮೇಲೆ. ಆದರೂ ಅವನ ಅಕ್ಕನ ಮದುವೆಗೆ ತಂದ ಸಾಲಕ್ಕೆ ಒಂಬತ್ತು ವರ್ಷದ ಹುಡುಗನನ್ನು ವಾಡೆಯಲ್ಲಿ ಬಿಟ್ಟು ಬಂದರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಯುಗಾದಿ ಬಂದಾಗೆಲ್ಲ ಅಸಲು ಹಾಗೇ ಇರುತ್ತಿತ್ತು, ಹುಡುಗ ಮಾತ್ರ ಒಂದು ಗೇಣು ಬೆಳೆದಿರುತ್ತಿದ್ದ. ಒಳಗೆ ಹೋದಾಗ ಹಾಲುಹಲ್ಲು ಬೀಳುತ್ತಿದ್ದವು, ಹೊರಗೆ ಬರುವಾಗ ಮೀಸೆ ಬಂದಿತ್ತು.

ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ಕ್ಕೆ. ಕಾಯ್ದೆಯಾದದ್ದು 1976ರ ಫೆಬ್ರವರಿ 9ಕ್ಕೆ. ಅಂದರೆ ಬಲವಂತದ ದುಡಿಮೆ ಕೂಡದು ಅಂತ ಸಂವಿಧಾನದ 23ನೇ ವಿಧಿ ಹೇಳಿ ಇಪ್ಪತ್ತೈದು ವರ್ಷ ಆದ ಮೇಲೆ. ಆ ಕಾಯ್ದೆಯ ಪ್ರಕಾರ ಜೀತದ ಸಾಲ ಪೂರ್ತಿ ರದ್ದು, ಯಾರೂ ಒಂದು ಪೈಸೆ ತೀರಿಸಬೇಕಿಲ್ಲ. ಇದನ್ನು ಹಳೆಯ ಧಣಿಗಳು ಈಗ ಹೇಳುವುದು ಹೇಗೆ ಗೊತ್ತಾ? "ನಾವೇ ದೊಡ್ಡ ಮನಸು ಮಾಡಿ ಸಾಲ ಬಿಟ್ಟು ಕೊಟ್ವಿ." ಬಿಟ್ಟು ಕೊಟ್ಟಿದ್ದು ನೀವಲ್ಲ ಸ್ವಾಮಿ, ಕಾನೂನು ಕಿತ್ತುಕೊಂಡಿದ್ದು.

ನನ್ನ ಸಿಟ್ಟು ಇಲ್ಲೇ ಇದೆ. ದುಡಿಸಿಕೊಂಡವರು ದುಡಿಸಿಕೊಂಡರು, ಆ ಕಾಲ ಹಾಗಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಈಗಲೂ ನಾವು ಅವರ ಋಣದಲ್ಲಿ ಇರಬೇಕಾ? ಉಣ್ಣಲು ಹಾಕಿದ ಋಣ, ಅರಿವೆ ಕೊಟ್ಟ ಋಣ, ಬಿಟ್ಟ ಋಣ. ದುಡಿದವನ ಲೆಕ್ಕ ಮಾತ್ರ ಯಾವ ವಹಿಯಲ್ಲೂ ಇಲ್ಲ. ಇಂಗ್ಲೆಂಡಿನವರು 1833ರಲ್ಲಿ ತಮ್ಮ ವಸಾಹತುಗಳ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಗುಲಾಮರಿಗಲ್ಲ, ಧಣಿಗಳಿಗೆ! ಪಾಪ, ಆಸ್ತಿ ಕಳೆದುಕೊಂಡರಲ್ಲ. ಅದಕ್ಕೆಂದು ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರಿಗೆ ಸಿಕ್ಕಿದ್ದು ಇನ್ನೊಂದಷ್ಟು ವರ್ಷ ಅದೇ ಧಣಿಯ ಹತ್ತಿರ ತರಬೇತಿ ಅನ್ನುವ ಹೆಸರಿನ ಬಿಟ್ಟಿ ಚಾಕರಿ. ಅದು ಮುಗಿದದ್ದು 1838ಕ್ಕೆ.

ಅದಕ್ಕೇ ನನಗೆ ಜೋರ್ಡನ್ ಆಂಡರ್ಸನ್ ಅಂದರೆ ಬಹಳ ಇಷ್ಟ. ಅಮೆರಿಕದ ಟೆನೆಸಿಯಲ್ಲಿ ಗುಲಾಮನಾಗಿದ್ದವನು. ಬಿಡುಗಡೆಯಾಗಿ ಒಹಾಯೊದ ಡೇಟನ್ ಊರು ಸೇರಿ ಹೆಂಡತಿ ಮಕ್ಕಳ ಜೊತೆ ಇದ್ದ. 1865ರಲ್ಲಿ ಹಳೆಯ ಧಣಿ ಅವನಿಗೆ ಕಾಗದ ಬರೆದ. ವಾಪಸ್ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ. ಜೋರ್ಡನ್ ಬರೆಸಿದ ಉತ್ತರ ಅಲ್ಲಿನ ಪೇಪರುಗಳಲ್ಲಿ ಅಚ್ಚಾಯಿತು. ಒಂದು ಕೆಟ್ಟ ಮಾತಿಲ್ಲ. ಅಯ್ಯೋ ನನ್ನ ಕಷ್ಟವೇ ಅನ್ನುವುದೂ ಇಲ್ಲ. ನೀವು ನಿಜವಾಗಿ ಒಳ್ಳೆಯವರಾಗಿದ್ದರೆ ಮೊದಲು ಹಳೆ ಸಂಬಳ ಕಳಿಸಿ ಅಂತಾನೆ. ನನ್ನದು 32 ವರ್ಷ, ತಿಂಗಳಿಗೆ 25 ಡಾಲರಿನಂತೆ. ಹೆಂಡತಿ ಮ್ಯಾಂಡಿಯದು 20 ವರ್ಷ, ವಾರಕ್ಕೆ 2 ಡಾಲರಿನಂತೆ. ಒಟ್ಟು 11,680 ಡಾಲರ್. ಮೇಲೆ ಬಡ್ಡಿ. ಇದರಲ್ಲಿ ನೀವು ಕೊಟ್ಟ ಬಟ್ಟೆ ಖರ್ಚು ಕಳೆಯಿರಿ. ನನ್ನನ್ನು ನೋಡಲು ವೈದ್ಯರು ಮೂರು ಸಲ ಬಂದಿದ್ದರು, ಅದನ್ನೂ ಕಳೆಯಿರಿ. ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದಿರಿ, ಅದನ್ನೂ ಕಳೆಯಿರಿ.

ಹಲ್ಲು ಕೀಳಿಸಿದ್ದನ್ನೂ ಬಿಡಲಿಲ್ಲ ನೋಡಿ ಆ ಮನುಷ್ಯ! ಸ್ವಾಭಿಮಾನ ಅಂದರೆ ನನಗೆ ಇದು. ಧಣಿಯ ಸರಿಸಮ ಕೂತು ಲೆಕ್ಕ ಕೇಳುವುದು, ಅವನದು ಒಂದು ಪೈಸೆಯನ್ನೂ ಇಟ್ಟುಕೊಳ್ಳದಿರುವುದು. ಅದೇ ಕಾಗದದಲ್ಲಿ ಇನ್ನೊಂದು ಸಾಲಿದೆ. ಇಲ್ಲಿ ಜನ ನನ್ನ ಹೆಂಡತಿಯನ್ನು ಮಿಸೆಸ್ ಆಂಡರ್ಸನ್ ಅನ್ನುತ್ತಾರೆ ಅಂತ. ನಮ್ಮಪ್ಪನಿಗೆ ವಾಡೆಯಲ್ಲಿ ಇದ್ದದ್ದು ಅರ್ಧ ಹೆಸರು. ಪೂರ್ತಿ ಹೆಸರು ಸಿಕ್ಕಿದ್ದು ರೈಲ್ವೆ ಸಂಬಳದ ಚೀಟಿಯಲ್ಲಿ. ಆ ಮೊದಲ ಚೀಟಿ ಇನ್ನೂ ಟ್ರಂಕಿನಲ್ಲಿದೆ.

ಈಗ ಒಬ್ಬರು ಬರುತ್ತಾರೆ ನೋಡಿ, ಗೊತ್ತಿದೆ ನನಗೆ. "ಸರ್, ನಮ್ಮ ಕಡೆ ಗುಲಾಮಗಿರಿ ಅಷ್ಟು ಕೆಟ್ಟದ್ದಿರಲಿಲ್ಲ. ಬೀದರಿಗೆ ಹೋಗಿ ಹಬ್ಶಿ ಕೋಟ್ ನೋಡಿ. ಆಫ್ರಿಕಾದಿಂದ ಬಂದ ಹಬ್ಶಿಗಳು ಇಲ್ಲಿ ಸರದಾರರಾಗಿ ಗೋರಿ ಕಟ್ಟಿಸಿಕೊಂಡಿದ್ದಾರೆ. ಮಲಿಕ್ ಅಂಬರ್ ಗುಲಾಮನಾಗಿ ಬಂದು ಅಹ್ಮದ್‌ನಗರದ ಪೇಶ್ವೆಯಾಗಲಿಲ್ಲವಾ?" ಆದ, ಇಲ್ಲ ಅಂದವರು ಯಾರು? ಮೊಘಲರಿಗೇ ನೀರು ಕುಡಿಸಿದ. ಆದರೆ ಆ ಹುಡುಗನನ್ನು ಇಥಿಯೋಪಿಯಾದಿಂದ ಒಯ್ದು ಸಂತೆಯಿಂದ ಸಂತೆಗೆ ಮಾರಿದ್ದರು. ಅವನ ಜೊತೆ ಮಾರಾಟವಾದ ಉಳಿದವರ ಗೋರಿ ಎಲ್ಲಿವೆ, ಸ್ವಲ್ಪ ತೋರಿಸಿ. ಒಬ್ಬ ಮೇಲೆ ಬಂದ ಅಂತ ಬಾವಿಯನ್ನೇ ಹೊಗಳುತ್ತೀರಲ್ಲ!

ಇನ್ನೊಬ್ಬರು ಬಸವಕಲ್ಯಾಣ ಅನ್ನುತ್ತಾರೆ. ಹೌದು, ನಮ್ಮದೇ ಹೆಮ್ಮೆ. ಹರಳಯ್ಯನವರ ಕತೆ ಹೇಳುತ್ತಾ ಬೆಳೆದವರು ನಾವು. ಹರಳಯ್ಯ ಶರಣು ಅಂದರೆ ಬಸವಣ್ಣ ಶರಣು ಶರಣಾರ್ಥಿ ಅಂದರು. ಆ ಒಂದು ಹೆಚ್ಚಿನ ಶರಣಿನ ಭಾರ ತಾಳದೆ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿದರು. ಪುರಾಣ ಹೇಳುವವರು ಇಲ್ಲಿಗೆ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಬೇರೆಯೇ ಯೋಚನೆ ಬರುತ್ತದೆ. ತಿರುಗಿ ಒಂದು ನಮಸ್ಕಾರ ಸಿಕ್ಕಿದ್ದಕ್ಕೆ ಮೈ ಚರ್ಮ ಕೊಡಬೇಕು ಅನ್ನಿಸಿತಲ್ಲ, ಅದಕ್ಕೆ ಮುಂಚೆ ಆ ಮನುಷ್ಯನಿಗೆ ಯಾರೂ ತಿರುಗಿ ನಮಸ್ಕಾರ ಮಾಡಿರಲೇ ಇಲ್ಲವಾ? ಬಸವಣ್ಣ ಕೊಟ್ಟದ್ದು ಹರಳಯ್ಯನಿಗೆ ಸಲ್ಲಬೇಕಾದದ್ದೇ. ಭಾರ ಹೊರಿಸಿದ್ದು ಮಿಕ್ಕ ಊರು.

ಇಷ್ಟು ಹೊತ್ತು ಒಂದು ವಿಷಯ ನುಂಗಿಕೊಂಡಿದ್ದೆ. ನಿನ್ನೆ ತಲೆ ಆಡಿಸಿದ ಸಾಲಿನಲ್ಲಿ ನಮ್ಮಪ್ಪನೂ ಇದ್ದ. ನನ್ನ ಪಕ್ಕದಲ್ಲೇ. "ಖರೇರಿ ಧಣ್ಯಾರ" ಅಂದ. ಪೆನ್ಶನ್ ತಗೊಳ್ಳುವ ಮನುಷ್ಯ. ಸ್ವಂತ ಮನೆ ಇದೆ, ಮಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಆ ಹಿರಿಯರು ಇವನು ದುಡಿದ ವಾಡೆಯವರೂ ಅಲ್ಲ, ಬೇರೆ ಊರಿನವರು. ಆದರೂ ಕುತ್ತಿಗೆ ತಾನಾಗೇ ಬಾಗಿತು. ನನ್ನ ಸಿಟ್ಟಿನಲ್ಲಿ ಅರ್ಧ ಇದರದ್ದು ಅಂತ ನಿಮಗೆ ಈಗ ಗೊತ್ತಾಗಿರಬೇಕು.

ಫ್ರೆಡರಿಕ್ ಡಗ್ಲಾಸ್ ಅಂತ ಇನ್ನೊಬ್ಬ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡವನು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಧಣಿಗಳು ಗುಲಾಮರಿಗೆ ರಜೆ ಕೊಟ್ಟು ಕುಡಿಸುತ್ತಿದ್ದರಂತೆ. ಅದು ಪ್ರೀತಿಯಲ್ಲ, ದಂಗೆ ಏಳದಂತೆ ತಡೆಯುವ ಉಪಾಯ ಅಂತ ಆತ ಬರೆದಿದ್ದಾನೆ. ನಮ್ಮ ವಾಡೆಗಳಲ್ಲಿ ಯುಗಾದಿಗೆ ಒಂದು ಅಂಗಿ, ಒಂದು ಧೋತರ. ಅಪ್ಪ ಈಗಲೂ ಆ ಅಂಗಿಯ ಬಣ್ಣ ಹೇಳುತ್ತಾನೆ. ಅವನ ಮೇಲೆ ನಾನು ಸಿಟ್ಟಾಗಲಾ? ಒಂಬತ್ತು ವರ್ಷದ ಹುಡುಗನಿಗೆ ಹೊಸ ಅಂಗಿ ಹೊಸ ಅಂಗಿಯೇ.

ಪುಣೆಯ ಪುಟ್‌ಪಾತ್ ವಿಷಯ ಬಾಕಿ ಇತ್ತು. ಅಲ್ಲಿ ಮಲಗುವವರು ಸುಖವಾಗಿಲ್ಲ, ನಿಜ. ಮುಂಗಡ ತಗೊಂಡು ಇಟ್ಟಂಗಿ ಭಟ್ಟಿಗೆ ಹೋಗಿ ಮನೆಮಂದಿಯೆಲ್ಲ ಸಿಕ್ಕಿಬೀಳುವುದು ಇವತ್ತಿಗೂ ಇದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ, ಆ ಲೆಕ್ಕದಲ್ಲಿ ಜೀತ ಎಷ್ಟು ಕಡೆ ಇದೆ ನೀವೇ ನೋಡಿ. ಆದರೆ ಪುಟ್‌ಪಾತ್ ಮೇಲೆ ಮಲಗಿದವನು ಬೆಳಿಗ್ಗೆ ಎದ್ದು ಈ ಮೇಸ್ತ್ರಿ ಬೇಡ, ಆ ಮೇಸ್ತ್ರಿ ಅನ್ನಬಹುದು. ವಾಡೆಯ ಆಳಿಗೆ ಅದಿತ್ತಾ? ಪುಣೆಗೆ ಹೋದವನು ಕಷ್ಟದಲ್ಲಿದ್ದಾನೆ ಅಂದರೆ ಅವನಿಗೆ ಮನೆ, ಸರಿಯಾದ ಕೂಲಿ ಬೇಕು ಅನ್ನಿ. ವಾಡೆ ಬೇಕು ಅನ್ನಬೇಡಿ.

ರಾತ್ರಿ ಮನೆಗೆ ಬಂದ ಮೇಲೆ ಅಪ್ಪನಿಗೆ ಜೋರ್ಡನ್ ಕತೆ ಹೇಳಿದೆ. ಹಲ್ಲಿನ ಲೆಕ್ಕಕ್ಕೆ ಬಹಳ ನಕ್ಕ. "ಭಾಳ ಶಾಣ್ಯಾ ಅದಾನ ಅಂವಾ" ಅಂದ. ನಿನ್ನದೂ ಒಂದು ಲೆಕ್ಕ ಮಾಡೋಣ ಅಂದೆ. "ಏ ಬಿಡೋ ತಮ್ಮಾ, ಹೋದೋರ ಮ್ಯಾಲ ಏನ್ ಲೆಕ್ಕ" ಅಂದ. ಸ್ವಲ್ಪ ಹೊತ್ತಾದ ಮೇಲೆ ಕನ್ನಡಕ ಹಾಕಿಕೊಂಡು ತಾನೇ ಬಂದು ಕೂತ. ಮೊದಲು ಬರೆಸಿದ್ದು ಕಳೆಯಬೇಕಾದದ್ದನ್ನೇ! ಯುಗಾದಿಯ ಅಂಗಿ, ಧೋತರ. ಒಂದು ಕಂಬಳಿ. ಜ್ವರ ಬಂದಾಗ ಶಹಾಪುರ ದವಾಖಾನೆಗೆ ಗಾಡಿ ಕಟ್ಟಿಕೊಂಡು ಹೋಗಿದ್ದರು, ಅದನ್ನ ಬರಿ ಅಂದ. ಬರೆದೆ.

ಕೂಲಿಯ ಹತ್ತಿರ ಬಂದಾಗ ಜಗಳ ಶುರುವಾಯಿತು. ಹುಡುಗರಿಗೆ ಅರ್ಧ ಕೂಲಿ ಹಿಡಿ ಅಂತಾನೆ ಅಪ್ಪ. ಎತ್ತು, ಎಮ್ಮೆ, ಸಗಣಿ, ನೀರು, ರಾತ್ರಿ ಕಾವಲು, ಇಷ್ಟು ಮಾಡಿದವನಿಗೆ ಅರ್ಧ ಯಾಕೆ ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ. 1960, 70ರ ದಶಕದಲ್ಲಿ ಶಹಾಪುರ, ಸುರಪುರ ಕಡೆ ದಿನಗೂಲಿ ಎಷ್ಟಿತ್ತು ಅಂತ ಗೊತ್ತಿರುವ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಬಡ್ಡಿ ದರ ಕೇಳುವುದು ಬೇಡ. ವಾಡೆಯವರು ಅಜ್ಜನಿಗೆ ಹಾಕಿದ್ದ ದರ ಅಪ್ಪನಿಗೆ ಬಾಯಿಪಾಠ ಇದೆ, ಅದನ್ನೇ ಹಾಕುತ್ತೇವೆ.