ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಬಗ್ಗೆ ಸುತ್ತುತ್ತಿರುವ ಮೆಸೇಜ್ ಪೂರ್ತಿ ನಿಜ ಅಲ್ಲ

ದಸರಾ ಬಂದೋಬಸ್ತಿನ ಫೋಟೋ ಹಾಕಿ, "ಎಸ್‌ಎಲ್‌ಆರ್ ಮೆಷಿನ್ ಗನ್, 2 ಕಿಲೋಮೀಟರ್ ದೂರಕ್ಕೆ ಗುರಿ ಹೊಡೆಯುತ್ತೆ, ಯಾವತ್ತೂ ಜಾಮ್ ಆಗಲ್ಲ" ಎನ್ನುವ ಮೆಸೇಜ್ ಮೈಸೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿದೆ. ಸುಮ್ನೆ ಬಣ್ಣ ಹಚ್ಚಿದ್ದಾರೆ. ಅದರ 7.62 ಮಿ.ಮೀ. ಗುಂಡು ಅಷ್ಟು ದೂರ ಹೋಗಿ ಬೀಳಬಹುದು, ಆದರೆ ಬೀಳುವುದೇ ಬೇರೆ, ಗುರಿಗೆ ತಾಗುವುದೇ ಬೇರೆ ಅಲ್ವಾ? ದುರ್ಬೀನು ಇಲ್ಲದೆ ಒಬ್ಬರು ನಂಬಿಕೆಯಿಂದ ಹೊಡೆಯುವುದು 300 ಮೀಟರ್ ಆಸುಪಾಸು. ಇನ್ನು ಜಾಮ್ ವಿಷಯ. ಇದು ಗ್ಯಾಸ್ ಒತ್ತಡದಿಂದ ನಡೆಯುವ ರೈಫಲ್, ಒಳಗೆ ಮಸಿ ಕಟ್ಟಿದರೆ, ಮರಳು ಸೇರಿದರೆ ತಡವರಿಸುತ್ತದೆ, ಅದಕ್ಕೇ ಗ್ಯಾಸ್ ಜಾಸ್ತಿ ಕಮ್ಮಿ ಮಾಡಲು ರೆಗ್ಯುಲೇಟರ್ ಕೊಟ್ಟಿದ್ದಾರೆ. ಜಾಮೇ ಆಗದಿದ್ದರೆ ಅದೆಲ್ಲ ಯಾಕೆ ಬೇಕಿತ್ತು? ಮೆಷಿನ್ ಗನ್ನೂ ಅಲ್ಲ: ಮ್ಯಾಗಜೀನಿನಲ್ಲಿ 20 ಗುಂಡು, ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಹೊರಡುತ್ತದೆ.